ಪಹಣಿ ಪರದೆಗೆ, ಅಧಿಕಾರ ತಾಲ್ಲೂಕಿಗೆ

ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, ಜಮೀನಿನ ದಾಖಲೆಯಿಂದ ರಾಜಕೀಯವನ್ನೇ ತೊಲಗಿಸಿತು ಎಂಬ ವಾದವಿದೆ. ಈ ವಾದ ನಿಲ್ಲುವುದಿಲ್ಲ. ಗ್ರಾಮಲೆಕ್ಕಿಗರ ಕೈಬರಹದ ಪಹಣಿಗೆ ಮಾನ್ಯತೆ ಹೋಗಿ, ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿದ್ದು ದೊಡ್ಡ ಗೆಲುವೇ. ಆದರೆ ಪ್ರತಿ ಪಡೆಯುವುದು ಬೇರೆ, ಖಾತೆ ಬದಲಾವಣೆ ಬೇರೆ. ಖಾತೆ ಬದಲಾವಣೆಗಾಗಿ ಊರಲ್ಲೇ ಇದ್ದ ಗ್ರಾಮಲೆಕ್ಕಿಗನ ಮೇಲೆ ಪಂಚಾಯಿತಿ ಸದಸ್ಯರ ಮೂಲಕ, ನೆಂಟರಿಷ್ಟರ ಮೂಲಕ ಒತ್ತಡ ತರಲು ಸಣ್ಣ ಹಿಡುವಳಿದಾರನಿಗೆ ದಾರಿಯಿತ್ತು. ದೂರದ ತಾಲ್ಲೂಕು ಕಚೇರಿಯಲ್ಲಿ ಆ ದಾರಿ ಕಿರಿದಾಯಿತು. ಸತ್ತ ತಂದೆಯ ಹೆಸರಲ್ಲೇ ಉಳಿದ ಪಹಣಿ, ಪೋಡಿಯಾಗದ ಜಂಟಿ ಹಿಡುವಳಿ ಇದ್ದಂತೆಯೇ ಯಂತ್ರ ಸೇರಿದಾಗ, ಹಳೆಯ ತಪ್ಪಿಗೆ ಹೊಸ ಮೊಹರು ಬಿತ್ತು. ಅತ್ತ, ಬೆಂಗಳೂರಿನ ಸುತ್ತ ಜಮೀನು ಒಟ್ಟುಗೂಡಿಸುವವರಿಗೆ ಸರ್ವೆ ನಂಬರು, ಮಾಲೀಕರ ಹೆಸರು ಸುಲಭವಾಗಿ ಕೈಗೆ ಸಿಗತೊಡಗಿದವು.