ಬೆಳೆ ಸಮೀಕ್ಷೆ ಆ್ಯಪ್: ರೈತನ ಕಡೆಗೆ ತಿರುಗಬೇಕಾದ ಪರದೆ

ಅರಸೀಕೆರೆ ತಾಲ್ಲೂಕಿನ ಜಾವಗಲ್ ಹೋಬಳಿಯ ರೈತನಿಗೆ ಹೊಲದಲ್ಲಿ ಬೆಳೆ ಇದ್ದರಷ್ಟೇ ಸಾಲದು. ಅದು ಸರ್ಕಾರದ ದತ್ತಾಂಶದಲ್ಲಿಯೂ ಇರಬೇಕು. ಬೆಂಬಲ ಬೆಲೆಗೆ ರಾಗಿ ಮಾರಲು, ಬೆಳೆ ವಿಮೆ ಪಡೆಯಲು, ಬರ ಪರಿಹಾರಕ್ಕೆ ಅರ್ಹನಾಗಲು ಬೆಳೆ ಸಮೀಕ್ಷೆಯ ವಿವರವೇ ಆಧಾರ. ಆದ್ದರಿಂದ ಸಮೀಕ್ಷೆಯ ಮೊಬೈಲ್ ಆ್ಯಪ್ ಎಷ್ಟು ಬಳಕೆಯೋಗ್ಯ ಎಂಬ ಪ್ರಶ್ನೆ ತಂತ್ರಜ್ಞರಿಗಷ್ಟೇ ಸೀಮಿತವಲ್ಲ.

ರಾಜ್ಯದಲ್ಲಿ 2017ರಲ್ಲಿ ಆ್ಯಪ್ ಆಧಾರಿತ ಬೆಳೆ ಸಮೀಕ್ಷೆ ಆರಂಭವಾಯಿತು. 2020ರ ಮುಂಗಾರಿನಲ್ಲಿ ರೈತನೇ ತನ್ನ ಬೆಳೆಯ ವಿವರ ಹಾಗೂ ಛಾಯಾಚಿತ್ರ ದಾಖಲಿಸುವ ಅವಕಾಶ ದೊರೆಯಿತು. ಕಚೇರಿಯಲ್ಲಿ ಕುಳಿತು ಪಹಣಿಯ ಬೆಳೆ ಕಲಂ ತುಂಬುವ ಹಳೆಯ ಪದ್ಧತಿಗೆ ಹೋಲಿಸಿದರೆ ಇದು ನಿಸ್ಸಂಶಯವಾಗಿ ಮುಂದಿನ ಹೆಜ್ಜೆ. ಆ್ಯಪ್‌ನ ಭಾಷೆ ಕನ್ನಡವೆಂಬುದೂ ಮೆಚ್ಚತಕ್ಕ ಅಂಶ.

ಆದರೆ ಭಾಷೆಯೊಂದೇ ಬಳಕೆಯೋಗ್ಯತೆಯಲ್ಲ. 1998ರಲ್ಲಿ ರೂಪುಗೊಂಡ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 9241-11ರ ಪ್ರಕಾರ, ನಿರ್ದಿಷ್ಟ ಬಳಕೆದಾರ ನಿರ್ದಿಷ್ಟ ಸನ್ನಿವೇಶದಲ್ಲಿ ತನ್ನ ಉದ್ದೇಶವನ್ನು ಪರಿಣಾಮಕಾರಿಯಾಗಿ, ಕಡಿಮೆ ಶ್ರಮದಲ್ಲಿ, ತೃಪ್ತಿಕರವಾಗಿ ಸಾಧಿಸಬಲ್ಲನೇ ಎಂಬುದೇ ಅಳತೆಗೋಲು. ಇಲ್ಲಿ ಬಳಕೆದಾರ ತೆಂಗು, ರಾಗಿಯನ್ನು ನಂಬಿದ ಸಣ್ಣ ಹಿಡುವಳಿದಾರ. ಸನ್ನಿವೇಶವೋ ಬಿಸಿಲಿನಲ್ಲಿ ಪರದೆ ಮಸುಕಾಗುವ, ಸಿಗ್ನಲ್ ಬಂದು ಹೋಗುವ ಹೊಲ.

ಎಲ್ಲಿ ತೊಡಕು?

ಮೊದಲನೆಯದು ಜಮೀನಿನ ಲೆಕ್ಕ. ಆ್ಯಪ್‌ಗೆ ತಿಳಿದಿರುವುದು ಸರ್ವೆ ನಂಬರು ಮತ್ತು ಹಿಸ್ಸಾ. ತಂದೆಯ ಹೆಸರಿನಲ್ಲೇ ಖಾತೆ ಉಳಿದು, ಪೋಡಿಯಾಗದೆ, ಅಣ್ಣತಮ್ಮಂದಿರು ಬಾಯಿಮಾತಿನ ಪಾಲಿನಲ್ಲಿ ಉಳುಮೆ ಮಾಡುವ ಜಮೀನುಗಳು ಈ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. ತೆಂಗಿನ ನಡುವೆ ಇತರ ಬೆಳೆ ಇರುವ ತೋಟದಲ್ಲಿ ಯಾವುದಕ್ಕೆ ಎಷ್ಟು ಗುಂಟೆ ಎಂದು ವಿಂಗಡಿಸುವುದೂ ಕಷ್ಟವೇ.

ಎರಡನೆಯದು ನಿರಂತರತೆಯ ಕೊರತೆ. ಹಂಗಾಮು ಹಾಗೂ ವರ್ಷದ ಹೆಸರಿನಲ್ಲಿ ಪ್ರತ್ಯೇಕ ಆ್ಯಪ್‌ಗಳು ಬಿಡುಗಡೆಯಾಗುತ್ತ ಬಂದಿವೆ. ಒಂದು ಸಲ ಕಲಿತದ್ದು ಮುಂದಿನ ಸಲಕ್ಕೆ ಒದಗಬೇಕೆಂಬುದು ವಿನ್ಯಾಸದ ಮೊದಲ ಪಾಠ. ಹಳೆಯದನ್ನು ತೆಗೆದು ಹೊಸದನ್ನು ಹುಡುಕಬೇಕಾದ ರೈತ ಅಂತಿಮವಾಗಿ ಮಗನನ್ನೋ ಸಮೀಕ್ಷೆಗೆ ನೇಮಕಗೊಂಡ ಖಾಸಗಿ ನಿವಾಸಿಯನ್ನೋ ಅವಲಂಬಿಸುತ್ತಾನೆ.

ಮೂರನೆಯದೇ ಅತ್ಯಂತ ಗಂಭೀರ: ತಪ್ಪು ಕಾಣುವ ಹೊತ್ತು. ದಾಖಲಾದ ವಿವರ ನೋಡಿ ಆಕ್ಷೇಪಣೆ ಸಲ್ಲಿಸಲು 'ಬೆಳೆ ದರ್ಶಕ್' ಎಂಬ ಬೇರೊಂದು ಆ್ಯಪ್ ಇದೆ. ದಾಖಲಿಸುವ ಜಾಗ ಒಂದು, ತಿದ್ದುವ ಜಾಗ ಇನ್ನೊಂದಾದಾಗ ಅದರ ಇರವನ್ನೇ ಅರಿಯದವನಿಗೆ ತಪ್ಪು ತಿಳಿಯುವುದು ಖರೀದಿ ಕೇಂದ್ರದ ಮುಂದೆ. ಇದರ ಬೆಲೆ ಸಣ್ಣದಲ್ಲ. 2023ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಗೆ 11,750 ರೂ. ಬೆಂಬಲ ಬೆಲೆಯಿದ್ದಾಗ ಮುಕ್ತ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿತ್ತು. ಅಂತಹ ವರ್ಷದಲ್ಲಿ ದಾಖಲೆಯ ಒಂದು ದೋಷ ಇಡೀ ವರ್ಷದ ಆದಾಯವನ್ನೇ ಕುಗ್ಗಿಸಬಲ್ಲದು.

'ಭೂಮಿ' ಕಲಿಸಿದ ಪಾಠ

ಇದಕ್ಕೆ ಉತ್ತರ ರಾಜ್ಯದ ಅನುಭವದಲ್ಲೇ ಇದೆ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ 'ಭೂಮಿ' ಯೋಜನೆ 2000ದ ದಶಕದ ಆರಂಭದಲ್ಲಿ ತಾಲ್ಲೂಕು ಕೇಂದ್ರಗಳಲ್ಲಿ 15 ರೂ.ಗೆ ಪಹಣಿ ನೀಡತೊಡಗಿತು. ಅಲ್ಲಿನ ಗಮನಾರ್ಹ ಅಂಶವೆಂದರೆ ರೈತನ ಕಡೆಗೆ ತಿರುಗಿಸಿಟ್ಟ ಎರಡನೇ ಪರದೆ. ಸಿಬ್ಬಂದಿ ಏನು ಮಾಡುತ್ತಿದ್ದಾರೆಂಬುದನ್ನು ಆತ ಅಲ್ಲೇ ನೋಡಬಹುದಿತ್ತು. ದುಬಾರಿ ತಂತ್ರಜ್ಞಾನವೇನೂ ಅಲ್ಲದ ಆ ಪರದೆ ಯಾರಿಗಾಗಿ ಈ ವ್ಯವಸ್ಥೆ ಎಂಬುದನ್ನು ಸ್ಪಷ್ಟಪಡಿಸಿತ್ತು.

ಹೊಲದಲ್ಲೇ ನಿಂತು ಚಿತ್ರ ತೆಗೆಯಬೇಕೆಂಬ ನಿಯಮ ಕಠಿಣವೆನಿಸಿದರೂ ಅನಗತ್ಯವಲ್ಲ. ಇಲ್ಲದ ಬೆಳೆ ತೋರಿಸಿ ಪರಿಹಾರ ಪಡೆಯುವುದನ್ನು ತಡೆಯಲು ಅದು ಬೇಕು. ಆದರೆ ವಂಚನೆ ತಡೆಗೆ ತೋರಿದ ಕಾಳಜಿಯನ್ನು ಪ್ರಾಮಾಣಿಕನ ತಪ್ಪು ತಿದ್ದುವುದಕ್ಕೂ ತೋರಬೇಕು.

ಎಲ್ಲ ಹಂಗಾಮಿಗೂ ಒಂದೇ ಆ್ಯಪ್, ದಾಖಲೆ ಮತ್ತು ಆಕ್ಷೇಪಣೆ ಎರಡಕ್ಕೂ ಒಂದೇ ಪುಟ, ಸ್ಮಾರ್ಟ್‌ಫೋನ್ ಇಲ್ಲದವರಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮುದ್ರಿತ ಪ್ರತಿ: ಇವು ಅಸಾಧ್ಯವಾದ ಬೇಡಿಕೆಗಳಲ್ಲ. ಸಮೀಕ್ಷೆ ಎಷ್ಟು ತಾಕುಗಳಲ್ಲಿ ಮುಗಿಯಿತು ಎಂಬುದರ ಜೊತೆಗೆ, ಎಷ್ಟು ರೈತರು ತಮ್ಮ ವಿವರವನ್ನು ನೋಡಿ ಸರಿಯಿದೆಯೆಂದು ಒಪ್ಪಿದರು ಎಂಬುದನ್ನೂ ಇಲಾಖೆ ಲೆಕ್ಕಕ್ಕೆ ತೆಗೆದುಕೊಂಡಾಗಲೇ ಈ ಆ್ಯಪ್‌ನ ನಿಜವಾದ ಮೌಲ್ಯಮಾಪನ ಸಾಧ್ಯ.