ಬ್ಯಾಕ್ಟೀರಿಯಾಕ್ಕಿರೋ ಲೆಕ್ಕ ನಮಗ್ಯಾಕಿಲ್ಲ?

"ಆ ಅಜೋಟೋಬ್ಯಾಕ್ಟರ್ ಪುಡಿ ಎಲ್ಲಾ ಸುಳ್ಳ ಐತಿ ತಮ್ಮಾ, ಬೂದಿ ತುಂಬಿ ಮಾರ್ತಾರ!"

ಗೋಕಾಕ, ಮೂಡಲಗಿ, ಹುಕ್ಕೇರಿ... ಎಲ್ಲೇ ಹೋಗಿ, ಕಬ್ಬು ಬೆಳೆಯೋ ಕಾಕಾಗಳ ಬಾಯಲ್ಲಿ ಇದೇ ಮಾತು. ಕಳಪೆ ಪುಡಿ ಮಾರೋರು ಇಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಕಾಕಾ, ಒಂದು ಮಾತು ಹೇಳ್ರಿ. ಪುಡಿ ಹಾಕಿದ ವಾರದಾಗ ಯೂರಿಯಾ ಎಷ್ಟು ಚೀಲ ಒಗೆದ್ರಿ?

ಗಾಳಿಯ ಸಾರಜನಕದ ಒಂದು ಅಣು ಒಡೆಯೋಕೆ ಬ್ಯಾಕ್ಟೀರಿಯಾಕ್ಕೆ ಕನಿಷ್ಠ 16 ಎಟಿಪಿ ಖರ್ಚು. ಎಟಿಪಿ ಅಂದ್ರೆ ಜೀವಕೋಶದ ರೊಕ್ಕ. ಇಷ್ಟು ದುಬಾರಿ ಕೆಲಸವನ್ನ ಅದು ಸುಮ್ಮನೆ ಮಾಡೋದಿಲ್ಲ. ಒಳಗೆ ಗ್ಲುಟಮಿನ್ ಎಷ್ಟಿದೆ ಅಂತ ನೋಡ್ತಾ ಇರ್ತದೆ. ಕಡಿಮೆಯಾದ್ರೆ ಹಸಿವು, ಆಗ 'ನಿಫ್-ಎ' ಪ್ರೋಟೀನು ಸಾರಜನಕ ಹಿಡಿಯೋ ಜೀನುಗಳನ್ನ ಚಾಲೂ ಮಾಡ್ತದೆ. ಸುತ್ತ ಅಮೋನಿಯಂ ಸಾಕಷ್ಟಿದ್ರೆ 'ನಿಫ್-ಎಲ್' ಬಂದು ಅದರ ಕೈ ಕಟ್ತದೆ. ಕೆಲಸ ಬಂದ್! ತಾಟಿನಾಗ ಊಟ ಇದ್ದಾಗ ಒಲಿ ಯಾಕ ಹಚ್ಚಬೇಕು?

ಯೂರಿಯಾದಲ್ಲಿ ಶೇ. 46 ಸಾರಜನಕ. ಮಣ್ಣಿಗೆ ಬಿದ್ದು ಕೆಲವೇ ದಿನಗಳಲ್ಲಿ ಅಮೋನಿಯಂ ಆಗ್ತದೆ. ಅಂದ್ರೆ ನಾವೇ ಆಳು ಕರೆಸಿ, ನಾವೇ ಮನೆಗೆ ಕಳಿಸಿ, ಆಮೇಲೆ ಆಳು ಮೈಗಳ್ಳ ಅಂತ ಬೈತೀವಿ!

ಕಬ್ಬಿನ ದಂಟಿನೊಳಗೇ ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾವನ್ನ ಬ್ರೆಜಿಲ್‌ನಲ್ಲಿ ಯೊಹಾನಾ ಡೋಬರೈನರ್ ಮತ್ತವರ ಸಹೋದ್ಯೋಗಿ 1988ರಲ್ಲಿ ವರದಿ ಮಾಡಿದ್ರು. ಅಮೋನಿಯಂ ಇದ್ರೂ ಅದು ಪೂರ್ತಿ ನಿಲ್ಲೋದಿಲ್ಲ. ಆದ್ರೆ ಸಾರಜನಕ ಗೊಬ್ಬರ ಜಾಸ್ತಿ ಬಿದ್ದ ಕಬ್ಬಿನಲ್ಲಿ ಅದರ ಸಂಖ್ಯೆಯೇ ಇಳೀತದೆ.

2018ರಲ್ಲಿ ಯೂರಿಯಾ ಚೀಲ 50 ಕೆ.ಜಿ.ಯಿಂದ 45ಕ್ಕೆ ಇಳೀತು. ಚೀಲ ಸಣ್ಣದಾಯ್ತು, ನಮ್ಮ ಕೈ ಸಣ್ಣದಾಗ್ಲಿಲ್ಲ. ಹಿಡಕಲ್ ಡ್ಯಾಮಿನ ಕಾಲುವೆ ನೀರು ಧಾರಾಳ ಬಿಟ್ರೆ, ಬೆಳೆ ಹೀರದೆ ಉಳಿದದ್ದು ನೈಟ್ರೇಟಾಗಿ ಬಾವಿಗಿಳೀತದೆ. ಅದೇ ನೀರು ನಾವು ಕುಡಿಯೋದು.

ಯೂರಿಯಾ ಪೂರ್ತಿ ಬಿಡ್ರಿ ಅನ್ನೋರ ಮಾತೂ ನಾನು ಒಪ್ಪೋದಿಲ್ಲ. ಪುಡಿ ನಂಬಿ ಒಮ್ಮೆಲೇ ಬಿಟ್ರೆ ಕಬ್ಬಿನ ಟನ್ನೇಜ್ ಬೀಳ್ತದೆ, ಸಾಲ ತೀರಿಸೋರು ಯಾರು? ನನ್ನ ಸಿಟ್ಟು ಬೇರೆ. ಒಂದೇ ಬಿಲ್ಲಿನಲ್ಲಿ ಜೀವಾಣು ಗೊಬ್ಬರ, ಯೂರಿಯಾ ಎರಡೂ ಬರೆದು, ಯಾವುದು ಯಾವಾಗ ಅಂತ ಒಂದು ಮಾತೂ ಹೇಳದ ಅಂಗಡಿಯವರ ಮೇಲೆ. ಮಣ್ಣು ಪರೀಕ್ಷೆ ಮಾಡಿಸದೆ ಪಕ್ಕದ ಹೊಲ ನೋಡಿ ಚೀಲ ಎಣಿಸೋ ನಮ್ಮ ಮೇಲೆ.

ಈ ಸಲ ನಾಲ್ಕು ಗುಂಟೆಯಲ್ಲಾದ್ರೂ ಮಣ್ಣು ಪರೀಕ್ಷೆ ಹೇಳಿದಷ್ಟೇ ಯೂರಿಯಾ ಹಾಕಿ, ಅದನ್ನೂ ಕಂತಿನಲ್ಲಿ ಹಾಕಿ, ತೂಕ ಮಾಡಿ ನೋಡಿ. ಆಮೇಲೆ ಪುಡಿಗೆ ಬೈರಿ.

ಕಣ್ಣಿಗೆ ಕಾಣದ ಹುಳಕ್ಕೆ ಗೊತ್ತಿರೋ ಲೆಕ್ಕ ನಮಗೆ ಬರೋದಿಲ್ವಾ? ನೀವೇನಂತೀರಿ?