ಹೆದ್ದಾರಿ ಸರಿದ ಮೇಲೆ

ಈ ಸಲ ನಾವು ವಾಚಕರನ್ನು ಅಮೆರಿಕೆಯ ಒಂದು ಹಳೆಯ ಪೆಟ್ರೋಲ್ ಪಂಪಿಗೆ ಕರೆದೊಯ್ಯುತ್ತೇವೆ. ಷಿಕಾಗೋದಿಂದ ಪಶ್ಚಿಮದ ಕಡಲತಡಿಯವರೆಗೆ 1926ರಲ್ಲಿ ಗೊತ್ತುಮಾಡಿದ 66ನೆಯ ಹೆದ್ದಾರಿಯಲ್ಲಿ, ಟೆಕ್ಸಾಸ್ ಸಂಸ್ಥಾನದ ಶಾಮ್‌ರಾಕ್ ಒಂದು ಸಣ್ಣ ಊರು. ಅಲ್ಲಿ 1936ರಲ್ಲಿ ಪೆಟ್ರೋಲ್ ಪಂಪೂ ‘ಯು ಡ್ರಾಪ್ ಇನ್’ ಎಂಬ ಉಪಾಹಾರ ಗೃಹವೂ ಒಂದೇ ಕಟ್ಟಡದಲ್ಲಿ ತೆರೆದುವು. ಎತ್ತರದ ಗೋಪುರ, ತುದಿಯಲ್ಲಿ ಲೋಹದ ಟ್ಯೂಲಿಪ್ ಹೂ, ಇರುಳಿಗೆ ನಿಯಾನ್ ದೀಪ! ಈ ಆರ್ಟ್ ಡೆಕೊ ಶೈಲಿ ಮುಂಬಯಿಯ ನಮ್ಮವರಿಗೆ ಹೊಸದಲ್ಲ. ಮೆರೀನ್ ಡ್ರೈವಿನ ಮನೆಗಳೂ ಈರೋಸ್ ಚಿತ್ರಮಂದಿರವೂ ಅದೇ ಶೈಲಿಯವು.

ಮುಂದೆ ಬಂದ ಅಗಲವಾದ ಹೊಸ ಹೆದ್ದಾರಿ ಊರನ್ನು ಬದಿಗಿಟ್ಟು ಸಾಗಿತು. 1985ರಲ್ಲಿ 66ರ ಹೆಸರೂ ಸರಕಾರಿ ಪಟ್ಟಿಯಿಂದ ಹೋಯಿತು. ಗಿರಾಕಿಯಿಲ್ಲದ ಅಂಗಡಿ ಎಷ್ಟು ದಿನ ನಡೆದೀತು? ಕಡೆಗೆ ಬಾಗಿಲು ಮುಚ್ಚಿತು.

ಆಗ ಊರಿನ ಬ್ಯಾಂಕೊಂದು ಅದನ್ನು ಕೊಂಡು ಪುರಸಭೆಗೆ ದಾನವಿತ್ತಿತು. ಕೇಂದ್ರ ಸರಕಾರದ 17 ಲಕ್ಷ ಡಾಲರುಗಳ ನೆರವಿನಿಂದ 2003ರ ಹೊತ್ತಿಗೆ ಜೀರ್ಣೋದ್ಧಾರವಾಯಿತು. ಈಗ ಅದು ಪ್ರವಾಸಿಗರ ಮಾಹಿತಿ ಕೇಂದ್ರ. ಪೆಟ್ರೋಲ್ ಮಾರುತ್ತಿದ್ದ ಆ ನಿವೇಶನದಲ್ಲಿ ಇಂದು ವಿದ್ಯುತ್ ಕಾರುಗಳು ಚಾರ್ಜ್ ಆಗುತ್ತವೆ.

ಸುಣ್ಣಬಣ್ಣ ಬಳಿದ ಮಾತ್ರಕ್ಕೆ ಕಟ್ಟಡ ಉಳಿಯದು. ಅದಕ್ಕೊಂದು ಕೆಲಸವೂ ಬೇಕು. ಊರಿನಲ್ಲಿ ಬೀಗ ಹಾಕಿ ಬಂದ ಹಿರಿಯರ ಮನೆಗಳ ವಿಷಯದಲ್ಲಿ ನಾವೂ ಇದನ್ನು ಯೋಚಿಸುವುದು ಒಳಿತು.